ಯಾವ ಶಾಲೆ ಚೆನ್ನಾಗಿದೆ?

ಮೇ ತಿಂಗಳು ಮುಗಿಯುತ್ತ ಬಂದಂತೆ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಹಳ್ಳಿಗಳಲ್ಲಿ ಎರಡು ವಿಷಯ ಬಿಟ್ಟರೆ ಮೂರನೆಯದರ ಮಾತಿಲ್ಲ. ಶೇಂಗಾ ಬಿತ್ತನೆಗೆ ಮಳೆ ಹದವಾಗುತ್ತದೋ ಇಲ್ಲವೋ, ಮಗುವನ್ನು ಈ ವರ್ಷ ಎಲ್ಲಿಗೆ ಸೇರಿಸುವುದು. ಮೊದಲನೆಯದಕ್ಕೆ ಯಾರ ಬಳಿಯೂ ಉತ್ತರವಿಲ್ಲ, ಎರಡನೆಯದಕ್ಕೆ ಎಲ್ಲರ ಬಳಿಯೂ ಇದೆ. “ಯಾವ ಸ್ಕೂಲು ಚೆನ್ನಾಗೈತಣ್ಣ?” ಎಂದು ಟೀ ಅಂಗಡಿಯ ಮುಂದೆ ಕೇಳಿದರೆ ಸಾಕು, ನಾಲ್ಕು ಕಡೆಯಿಂದ ನಾಲ್ಕು ಹೆಸರು ಬೀಳುತ್ತವೆ. ಕಾರಣ ಕೇಳಿದಾಗ ಬರುವ ಮಾತುಗಳು ಮಾತ್ರ ಹೆಚ್ಚುಕಡಿಮೆ ಒಂದೇ. ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ಟೈ, ಬೂಟು ಇದೆ. ಇಂಗ್ಲಿಷ್ ಮೀಡಿಯಂ. ಫೀಸು ಜಾಸ್ತಿ ಇದೆ ಅಂದ ಮೇಲೆ ಏನೋ ಇರಲೇಬೇಕು. ಸರ್ಕಾರಿ ಶಾಲೆಯ ಪರ ನಿಲ್ಲುವವರ ಮಾತೂ ಇದಕ್ಕಿಂತ ಬೇರೆಯಲ್ಲ: ಹೊಸ ಕೊಠಡಿ ಬಂದಿದೆ, ಹಾಲು ಮೊಟ್ಟೆ ಕೊಡುತ್ತಾರೆ, ಕಾಂಪೌಂಡಿಗೆ ಬಣ್ಣ ಹೊಡೆದಿದ್ದಾರೆ.

ಈ ತಂದೆತಾಯಿಗಳನ್ನು ಹಗುರವಾಗಿ ಕಾಣಬೇಕಿಲ್ಲ. ಮಳೆಯನ್ನು ನಂಬಿ ಬದುಕುವವರು ವರ್ಷಕ್ಕೆ ಇಷ್ಟು ಸಾವಿರ ಎಂದು ಎಣಿಸಿ ಕೊಡುವಾಗ ಕಣ್ಣಿಗೆ ಕಾಣುವುದನ್ನೇ ನೋಡಿ ತೀರ್ಮಾನಿಸುತ್ತಾರೆ. ತೊಡಕಿರುವುದು ಕಣ್ಣಿಗೆ ಕಾಣುವ ಈ ಎಲ್ಲದರಲ್ಲಿ. ವ್ಯಾನು, ಟೈ, ಕಟ್ಟಡ, ಬಣ್ಣ ಇವೆಲ್ಲ ಹೇಳುವುದು ದುಡ್ಡು ಯಾರು ಹಾಕಿದರು, ಎಷ್ಟು ಹಾಕಿದರು ಎಂಬುದನ್ನು. ಶಾಲೆ ಆ ಮಗುವಿಗೆ ಏನು ಮಾಡಿತು ಎಂಬುದು ಅದರಲ್ಲಿಲ್ಲ. ಅದನ್ನು ನೋಡುವುದಕ್ಕೆ ಬೇರೆ ದಾರಿಯಿದೆ, ಆ ದಾರಿ ಕಷ್ಟದ್ದೂ ಅಲ್ಲ. ಆ ಕೆಲಸವನ್ನು ಬೆಂಗಳೂರಿನ ಕಚೇರಿಗಿಂತ ಊರಿನವರೇ ಚೆನ್ನಾಗಿ ಮಾಡಬಲ್ಲರು ಎಂಬುದು ನನ್ನ ವಾದ.

ಮೊದಲು ನಮ್ಮೆಲ್ಲರ ಅಚ್ಚುಮೆಚ್ಚಿನ ಅಳತೆಯನ್ನು ನೋಡೋಣ: ಶೇಕಡಾವಾರು ಫಲಿತಾಂಶ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಶೇ 96.80. ಬಯಲುಸೀಮೆಯ, ಬರದ ಜಿಲ್ಲೆಯೊಂದು ಕರಾವಳಿಯನ್ನು ಹಿಂದೆ ಹಾಕಿತೆಂದು ಹೆಮ್ಮೆಪಟ್ಟೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. 2024ರಲ್ಲಿ ಅದೇ ಚಿತ್ರದುರ್ಗ ಶೇ 72.85ಕ್ಕೆ ಇಳಿದು 21ನೆಯ ಸ್ಥಾನಕ್ಕೆ ಜಾರಿತು. ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಜಿಲ್ಲೆಯ ಮಕ್ಕಳು ಹನ್ನೆರಡು ತಿಂಗಳಲ್ಲಿ ದಡ್ಡರಾಗಿರಲಾರರು, ಮೇಷ್ಟ್ರುಗಳು ಪಾಠ ಮರೆತಿರಲಾರರು. ಬದಲಾದದ್ದು ಅಳೆಯುವ ರೀತಿ. ಒಂದು ಕ್ಯಾಮೆರಾಕ್ಕೆ ಇಪ್ಪತ್ತನಾಲ್ಕು ಅಂಶ ಕುಸಿಯುವ ಸಂಖ್ಯೆಯನ್ನು ಹಿಡಿದುಕೊಂಡು ಯಾವ ಶಾಲೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವುದು ಹೇಗೆ?

ಇದು ಹೈಸ್ಕೂಲಿನ ಮಾತಾಯಿತು, ಪ್ರಾಥಮಿಕ ಶಾಲೆಗೇನು ಸಂಬಂಧ ಎನ್ನಬಹುದು. ಸಂಬಂಧವಿದೆ. ಹತ್ತನೇ ತರಗತಿಯಲ್ಲಿ ಕಾಣುವ ಬಿರುಕು ಎರಡನೇ, ಮೂರನೇ ತರಗತಿಯಲ್ಲಿ ಬಿಟ್ಟದ್ದು. ಐದು, ಎಂಟನೇ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆ ಇರಲೆಂದು ಸರ್ಕಾರ 2023ರಲ್ಲೂ 2024ರಲ್ಲೂ ಹೊರಟಿತು. ಎರಡು ಸಲವೂ ಅದು ಕೋರ್ಟು ಮೆಟ್ಟಿಲೇರಿತು. 2024ರಲ್ಲಂತೂ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ ಫಲಿತಾಂಶವನ್ನೇ ತಡೆಯಿತು. ಹತ್ತು ವರ್ಷದ ಮಗುವಿಗೆ ಪರೀಕ್ಷೆ ಮಾಡಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಾದಿಸಿದೆವು. ಆ ಮಗುವಿಗೆ ಓದಲು ಬರುತ್ತದೆಯೇ ಎಂದು ಕೇಳಿದವರು ಕಡಿಮೆ.

ಎರಡನೆಯ ಅಳತೆ ಕಟ್ಟಡದ್ದು, ಸೌಲಭ್ಯದ್ದು. ಇದಕ್ಕೆ ಕಾನೂನಿನ ಬಲವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ತನ್ನ ಅನುಸೂಚಿಯಲ್ಲಿ ಒಂದು ಪಟ್ಟಿ ಕೊಟ್ಟಿದೆ. ಶಿಕ್ಷಕರಿಗೊಂದರಂತೆ ಕೊಠಡಿ, ಹುಡುಗ ಹುಡುಗಿಯರಿಗೆ ಬೇರೆಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಸುತ್ತುಗೋಡೆ, ಗ್ರಂಥಾಲಯ. ಇವು ಬೇಕೇ ಬೇಕು. ಶೌಚಾಲಯವಿಲ್ಲದ ಶಾಲೆಗೆ ಏಳನೇ ತರಗತಿಯ ಹುಡುಗಿ ಬರುವುದಿಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಪಟ್ಟಿಯಲ್ಲಿ ‘ಇದೆ’ ಎಂದು ಗುರುತು ಹಾಕಿದ ಮಾತ್ರಕ್ಕೆ ಆಯಿತೇ? ಶೌಚಾಲಯ ಇದೆ, ನೀರು ಬರುತ್ತದೆಯೇ? ಗ್ರಂಥಾಲಯ ಇದೆ, ಬೀರುವಿನ ಬೀಗ ತೆಗೆಯುತ್ತಾರೆಯೇ? ಬೀರುವಿನಲ್ಲಿ ಹೊಳೆಯುವ, ಒಂದೂ ಹಾಳೆ ಮಡಿಚದ ಪುಸ್ತಕಗಳನ್ನು ಕಂಡರೆ ನನಗೆ ಸಂತೋಷವಾಗುವುದಿಲ್ಲ. ಬೆನ್ನು ಹರಿದು, ಗೋಂದು ಹಚ್ಚಿ, ಮತ್ತೆ ಹರಿದ ಕಥೆ ಪುಸ್ತಕ ಹತ್ತಿದ್ದರೆ ಆ ಶಾಲೆಗೆ ಅರ್ಧ ಅಂಕ ಅಲ್ಲೇ ಕೊಟ್ಟುಬಿಡಬಹುದು.

ಕಾಯ್ದೆಯ ಇನ್ನೊಂದು ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 120ರವರೆಗೆ ನಾಲ್ವರು. ಮೂವತ್ತಕ್ಕೊಬ್ಬರು. ಕೇಳಲು ಚೆಂದ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇದನ್ನು ಬಿಡಿಸಿ ನೋಡಿ. ಮಕ್ಕಳು ಐವತ್ತು, ತರಗತಿ ಐದು, ಶಿಕ್ಷಕರು ಇಬ್ಬರು. ಒಬ್ಬರು ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರನ್ನು ಕೂರಿಸಿಕೊಂಡಿದ್ದಾರೆ, ಇನ್ನೊಬ್ಬರು ನಾಲ್ಕು ಮತ್ತು ಐದನ್ನು. ಅವರಲ್ಲೊಬ್ಬರು ಮುಖ್ಯಶಿಕ್ಷಕರೂ ಹೌದು. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ಮೊಳಕಾಲ್ಮುರಿನಲ್ಲಿ ಮೀಟಿಂಗು. ಅವರು ಹೋದ ದಿನ ಐವತ್ತು ಮಕ್ಕಳೂ ಒಬ್ಬರ ಕೈಯಲ್ಲಿ. ಕಾಗದದ ಮೇಲೆ ಈ ಶಾಲೆ ಕಾನೂನನ್ನು ಮೀರಿಲ್ಲ. ಹಾಗಾಗಿ ಶಾಲೆ ನೋಡಲು ಹೋದವರು ಒಟ್ಟು ಮೇಷ್ಟ್ರು ಎಷ್ಟು ಜನ ಎಂದು ಕೇಳಿ ಸುಮ್ಮನಾಗಬಾರದು. ಇವತ್ತು ಬೆಳಿಗ್ಗೆ ಹತ್ತೂವರೆಗೆ ಪಾಠ ಮಾಡುತ್ತಿದ್ದವರು ಎಷ್ಟು ಜನ ಎಂದು ಕೇಳಬೇಕು. ಅದರಲ್ಲಿ ಅತಿಥಿ ಶಿಕ್ಷಕರು ಎಷ್ಟು, ಅವರು ಜೂನ್‌ನಲ್ಲೇ ಬಂದರೋ ಆಗಸ್ಟ್ ಕಳೆದ ಮೇಲೋ ಎಂದೂ ಕೇಳಬೇಕು.

ಮೇಷ್ಟ್ರು ಶಾಲೆಗೇ ಬರುವುದಿಲ್ಲ ಎಂಬ ಹಳೆಯ ದೂರನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. 2003ರಲ್ಲಿ ಮುನ್ಸೂಚನೆಯಿಲ್ಲದೆ ದೇಶದ ಹಲವು ರಾಜ್ಯಗಳ ಶಾಲೆಗಳಿಗೆ ಹೋಗಿ ನೋಡಿದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬ ಶಿಕ್ಷಕರು ಸ್ಥಳದಲ್ಲಿರಲಿಲ್ಲ. ಆ ಸಂಖ್ಯೆ ಇಂದಿಗೂ ಚಲಾವಣೆಯಲ್ಲಿದೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಅದನ್ನೇ ಮತ್ತೆ ನೋಡಿ, ಗೈರಾದವರನ್ನು ಕಾರಣ ಹಿಡಿದು ವಿಂಗಡಿಸಿತು. ಯಾವ ಕಾರಣವೂ ಇಲ್ಲದೆ ಬಾರದವರು ಶೇ 2.5ರಷ್ಟು ಮಾತ್ರ. ಉಳಿದವರು ರಜೆಯಲ್ಲಿದ್ದರು, ತರಬೇತಿಯಲ್ಲಿದ್ದರು ಅಥವಾ ಇಲಾಖೆಯೇ ಕಳಿಸಿದ ಕೆಲಸದಲ್ಲಿದ್ದರು. ಮೇಷ್ಟ್ರ ಮಾನ ಉಳಿಯಿತು. ಮಗುವಿನ ಪಾಲಿಗೆ ಮಾತ್ರ ಖಾಲಿ ಕುರ್ಚಿ ಖಾಲಿ ಕುರ್ಚಿಯೇ.

ಈಗ ಎಲ್ಲರೂ ಕಾಯುತ್ತಿರುವ ಪ್ರಶ್ನೆ. ಖಾಸಗಿಯೋ, ಸರ್ಕಾರಿಯೋ? ಮಕ್ಕಳನ್ನು ಸುಮ್ಮನೆ ಸಾಲಾಗಿ ನಿಲ್ಲಿಸಿ ಓದಿಸಿದರೆ ಖಾಸಗಿ ಶಾಲೆಯ ಮಕ್ಕಳೇ ಮುಂದಿರುತ್ತಾರೆ. ಇದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಅವರು ಮುಂದಿರುವುದು ಶಾಲೆಯಿಂದಲೋ ಮನೆಯಿಂದಲೋ? ಅಮೆರಿಕದಲ್ಲಿ 1966ರಲ್ಲಿ ಸಮಾಜವಿಜ್ಞಾನಿ ಜೇಮ್ಸ್ ಕೋಲ್ಮನ್ ನಾಲ್ಕು ಸಾವಿರದಷ್ಟು ಶಾಲೆಗಳ ಆರು ಲಕ್ಷದಷ್ಟು ಮಕ್ಕಳನ್ನು ಅಳೆದು ನೋಡಿದಾಗ ಸರ್ಕಾರಕ್ಕೆ ಇಷ್ಟವಾಗದ ಉತ್ತರ ಬಂತು. ಮಕ್ಕಳ ಅಂಕಗಳ ನಡುವಿನ ಅಂತರಕ್ಕೆ ಶಾಲೆಯ ಸೌಲಭ್ಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವಾಗಿತ್ತು. ದೂರದ ಮಾತು ಬೇಡವೆಂದರೆ ನಮ್ಮ ಗಡಿಯಾಚೆಯೇ ಒಂದು ಉದಾಹರಣೆಯಿದೆ. ಮೊಳಕಾಲ್ಮುರು ತಾಲ್ಲೂಕಿಗೆ ಅಂಟಿಕೊಂಡ ಆಂಧ್ರದಲ್ಲಿ, ಆಗಿನ್ನೂ ಅವಿಭಜಿತವಾಗಿದ್ದ ರಾಜ್ಯದ 180 ಹಳ್ಳಿಗಳಲ್ಲಿ, 2008ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಒಂದು ಪ್ರಯೋಗ ನಡೆಸಿದರು. ಸರ್ಕಾರಿ ಶಾಲೆಯ ಬಡ ಮಕ್ಕಳಲ್ಲಿ ಲಾಟರಿ ಎತ್ತಿ, ಗೆದ್ದವರ ಖಾಸಗಿ ಶಾಲೆಯ ಫೀಸನ್ನು ಯೋಜನೆಯಿಂದಲೇ ಕಟ್ಟಿದರು. ಒಂದೇ ಬಗೆಯ ಮನೆಗಳಿಂದ ಬಂದ ಮಕ್ಕಳು, ಕೆಲವರು ಅಲ್ಲಿ, ಕೆಲವರು ಇಲ್ಲಿ. ನಾಲ್ಕು ವರ್ಷ ಕಳೆದು ನೋಡಿದರೆ ತೆಲುಗಿನಲ್ಲಿ, ಗಣಿತದಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಖಾಸಗಿಗೆ ಹೋದವರು ಮುಂದಿದ್ದದ್ದು ಹಿಂದಿಯಲ್ಲಿ ಮಾತ್ರ. ಅದನ್ನು ಸರ್ಕಾರಿ ಶಾಲೆಯ ಕೆಳಗಿನ ತರಗತಿಗಳಲ್ಲಿ ಕಲಿಸುತ್ತಲೇ ಇರಲಿಲ್ಲ.

ಸರ್ಕಾರಿ ಶಾಲೆಯ ಅಭಿಮಾನಿಗಳು ಇಷ್ಟಕ್ಕೇ ಚಪ್ಪಾಳೆ ತಟ್ಟಬಾರದು. ಅದೇ ಅಧ್ಯಯನದ ಉಳಿದರ್ಧ ಅಷ್ಟು ಹಿತವಲ್ಲ. ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟು, ಮಗುವೊಂದಕ್ಕೆ ಸರ್ಕಾರ ಮಾಡುವ ಖರ್ಚಿನ ಮೂರನೇ ಒಂದು ಭಾಗದಲ್ಲಿ ಅದೇ ಮಟ್ಟ ಮುಟ್ಟಿಸಿದ್ದವು. ಇದರಿಂದ ನನಗೆ ತಿಳಿಯುವುದು ಇಷ್ಟು: ಬೋರ್ಡಿನ ಮೇಲೆ ‘ಸರ್ಕಾರಿ’ ಎಂದಿದೆಯೋ ‘ಕಾನ್ವೆಂಟ್’ ಎಂದಿದೆಯೋ ಎಂಬುದರಿಂದ ಗುಣ ಗೊತ್ತಾಗುವುದಿಲ್ಲ. ಮಾಧ್ಯಮದ ಹೆಸರಿನಿಂದಲೂ ಗೊತ್ತಾಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇನಲ್ಲಿ ಹೇಳಿದ ಮೇಲೆ ಆ ಜಗಳದ ಕಾನೂನಿನ ಬಾಗಿಲು ಮುಚ್ಚಿತು. 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುಕೊಂಡವು. ಕಲಿಸುವವರಿಗೇ ಸಲೀಸಾಗಿ ಬಾರದ ಭಾಷೆಯಲ್ಲಿ ಪರಿಸರ ಅಧ್ಯಯನ ಕೇಳುವ ಮಗು ಏನು ಕಲಿಯುತ್ತಿದೆ ಎಂದು ನೋಡುವ ಏರ್ಪಾಡನ್ನು ಮಾತ್ರ ಯಾರೂ ಮಾಡಿಕೊಳ್ಳಲಿಲ್ಲ.

ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ತಂದ ರೈತನಿಗೆ ಇದು ಹೊಸ ಮಾತಲ್ಲ. ಕೊಳ್ಳುವವನು ಚೀಲದ ಹೊಲಿಗೆ ನೋಡುವುದಿಲ್ಲ. ಒಂದು ಹಿಡಿ ಕಾಯಿ ತೆಗೆದು, ಸುಲಿದು, ಕಾಳೆಷ್ಟು, ಜೊಳ್ಳೆಷ್ಟು ಎಂದು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ನಾವು ಚೀಲ ನೋಡಿ ಬೆಲೆ ಕಟ್ಟುತ್ತೇವೆ.

ಹಾಗಾದರೆ ಕಾಳು ಯಾವುದು? ಮಗು ಶಾಲೆಗೆ ಬಂದ ದಿನ ಎಲ್ಲಿತ್ತು, ವರ್ಷ ಕಳೆದಾಗ ಎಲ್ಲಿಗೆ ಮುಟ್ಟಿತು, ಆ ನಡುವಿನ ದೂರ. ದೇವಸಮುದ್ರದಂಥ ಗಡಿ ಹೋಬಳಿಯಲ್ಲಿ ಈ ದೂರಕ್ಕೆ ಬೇರೆಲ್ಲಿಗಿಂತ ಹೆಚ್ಚು ತೂಕವಿದೆ. ಇಲ್ಲಿ ಮನೆಯಲ್ಲಿ ತೆಲುಗು ಆಡಿ, ಶಾಲೆಗೆ ಬಂದು ಕನ್ನಡ ಅಕ್ಷರ ತಿದ್ದುವ ಮಕ್ಕಳಿದ್ದಾರೆ. ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದ ಮಕ್ಕಳಿದ್ದಾರೆ. ಅಂಥ ಮಗು ಜೂನ್‌ನಲ್ಲಿ ಬಾಯಿಬಿಡದೆ ಕೂತಿದ್ದು, ಮಾರ್ಚ್‌ನಲ್ಲಿ ನಾಲ್ಕು ಸಾಲಿನ ಕಥೆಯನ್ನು ತಡವರಿಸುತ್ತಲಾದರೂ ಕನ್ನಡದಲ್ಲಿ ಓದಿ ಹೇಳಿದರೆ ಆ ಶಾಲೆ ಬಹುದೂರ ನಡೆಸಿದೆ. ಪಟ್ಟಣದಲ್ಲಿ ಓದಿದ ತಾಯಿಯ ಮಗು ಎಲ್‌ಕೆಜಿಗೆ ಬರುವಾಗಲೇ ಇಂಗ್ಲಿಷ್ ಅಕ್ಷರಮಾಲೆ ಒಪ್ಪಿಸಿ, ಎರಡನೇ ತರಗತಿಯಲ್ಲೂ ಅದನ್ನೇ ಇನ್ನಷ್ಟು ಜೋರಾಗಿ ಒಪ್ಪಿಸಿದರೆ ಆ ಶಾಲೆ ನಡೆಸಿದ್ದು ಬಹಳ ಕಡಿಮೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಎರಡನೆಯ ಶಾಲೆಗೇ ಚಪ್ಪಾಳೆ ಬೀಳುತ್ತದೆ.

ಈ ದೂರವನ್ನು ಅಳೆಯುವ ಉಪಕರಣ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಆಗಲೇ ಇದೆ ಎಂಬುದು ನಮಗೆ ಮರೆತುಹೋಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಕನ್ನಡ ಶಾಲೆಯ ಮೇಷ್ಟ್ರುಗಳೇ ಕೂತು ಕಟ್ಟಿದ ನಲಿ-ಕಲಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿತು. ಅದರಲ್ಲಿ ಪಾಠಪುಸ್ತಕದ ಬದಲು ಕಲಿಕಾ ಏಣಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೈಲಿಗಲ್ಲು ದಾಟಿ ಹತ್ತಬೇಕು. ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬ ದಾಖಲೆ ತರಗತಿಯಲ್ಲೇ ಇರಬೇಕು. ಶೇಂಗಾ ಕೀಳುವ ಕಾಲಕ್ಕೆ ತಂದೆತಾಯಿಯ ಜತೆ ಹೊಲಕ್ಕೆ ಹೋಗಿ ಹದಿನೈದು ದಿನ ಬಿಟ್ಟು ಬರುವ ಮಗುವಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಗೊತ್ತಿಲ್ಲ. ಕಾಗದದ ಮೇಲೆ. ಶಾಲೆಯಲ್ಲಿ ಅದರ ಗತಿ ಏನಾಗಿದೆ ಎಂಬುದು ಆ ಶಾಲೆಯ ಗುಣಕ್ಕೆ ಹಿಡಿದ ಕನ್ನಡಿ. ಏಣಿಯ ಪಟ ಮಾಸಿ, ಮಕ್ಕಳ ದಾಖಲೆ ಎರಡು ವರ್ಷ ಹಿಂದೆ ನಿಂತು, ಎಲ್ಲರಿಗೂ ಒಂದೇ ಪಾಠವನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದರೆ ಅಲ್ಲಿ ನಲಿ-ಕಲಿ ಹೆಸರಿಗಷ್ಟೇ ಇದೆ. ಹೆಂಚಿನ ಸೂರಿನ ಹಳೆಯ ಕೋಣೆಯಲ್ಲೇ ಆದರೂ ಮೇಡಂ ಒಬ್ಬರು ಆರು ಗುಂಪುಗಳ ನಡುವೆ ನೆಲದ ಮೇಲೆ ಕೂರುತ್ತ, ಏಳುತ್ತ ಓಡಾಡುತ್ತಿದ್ದರೆ ಅದು ಒಳ್ಳೆಯ ಶಾಲೆ. ಮುಂದೆ ಏನೂ ಕೇಳಬೇಕಿಲ್ಲ ಎನಿಸುವಷ್ಟು.

ದಿನಗಳ ಲೆಕ್ಕವನ್ನೂ ಹಾಕಬೇಕು. ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಎನ್ನುತ್ತದೆ ಕಾಯ್ದೆ, ಐದನೇ ತರಗತಿಯವರೆಗೆ. 2025ರಲ್ಲಿ ಏನಾಯಿತು ನೋಡಿ. ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ದಸರಾ ರಜೆ ಮುಗಿದ ಮೇಲೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಅಕ್ಟೋಬರ್ 18ರವರೆಗೆ ಮುಚ್ಚಿಟ್ಟರು. ಅದರ ಬೆನ್ನಿಗೇ ದೀಪಾವಳಿ. ಖಾಸಗಿ ಶಾಲೆಯ ವ್ಯಾನುಗಳು ಆ ದಿನಗಳಲ್ಲಿ ಓಡಾಡುತ್ತಲೇ ಇದ್ದವು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಸಮೀಕ್ಷೆ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ವಕೀಲರಿಗೆ ಬಿಡೋಣ. ಸರ್ಕಾರಿ ಶಾಲೆಯ ಗುಣ ಇಳಿದಿದೆ ಎಂದು ಹೇಳುವವರು ಇಳಿಸಿದವರಾರು ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಅಳೆಯುವ ಏರ್ಪಾಡುಗಳು ನಮ್ಮಲ್ಲಿ ಇಲ್ಲವೆಂದಲ್ಲ, ಹೇರಳವಾಗಿವೆ. ಕೇಂದ್ರದ ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ, 2021ರಲ್ಲಿ ನಡೆಯಿತು. 2024ರ ಡಿಸೆಂಬರ್‌ನಲ್ಲಿ ‘ಪರಖ್’ ಹೆಸರಿನಲ್ಲಿ ಮೂರು, ಆರು, ಒಂಬತ್ತನೇ ತರಗತಿಗಳಿಗೆ ಮತ್ತೆ ನಡೆಯಿತು. ‘ಪ್ರಥಮ್’ ಸಂಸ್ಥೆಯ ‘ಅಸರ್’ 2005ರಿಂದ ಬರುತ್ತಿದೆ. ಅದರ 2024ರ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4. ಭಯ ಹುಟ್ಟಿಸುವ ಸಂಖ್ಯೆ, ಆದರೂ 2022ಕ್ಕಿಂತ ಮೇಲು. ಇವುಗಳಿಂದ ಸಚಿವರಿಗೆ, ಪತ್ರಿಕೆಗಳಿಗೆ, ನನ್ನಂಥ ಬರೆಯುವವರಿಗೆ ಉಪಯೋಗವಿದೆ. ದೇವಸಮುದ್ರದ ತಾಯಿಗಿಲ್ಲ. ಅಸರ್ ಒಂದು ಜಿಲ್ಲೆಯಲ್ಲಿ ಆರಿಸುವುದು 30 ಹಳ್ಳಿ, ಹಳ್ಳಿಗೆ 20 ಮನೆ. ಅದು ಜಿಲ್ಲೆಯ ಚಿತ್ರ. ನಮ್ಮೂರ ಶಾಲೆ ಅದರಲ್ಲಿ ಕಾಣುವುದಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಿಗೆ ಐಐಎಸ್‌ಸಿ ಬಂದಿದೆ, ಡಿಆರ್‌ಡಿಒ ಬಂದಿದೆ, ಅಳತೆಯೇ ಕಸುಬಾದ ಸಂಸ್ಥೆಗಳು. ಕುದಾಪುರದ ಐಐಎಸ್‌ಸಿ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ಒಳ್ಳೆಯ ತರಬೇತಿ ನಡೆಯುತ್ತಿದೆ ಎಂಬುದೂ ನಿಜ. ಹಾಗಿದ್ದೂ ನಮ್ಮ ಓಣಿಯ ಮಗು ಓದುತ್ತದೆಯೋ ಇಲ್ಲವೋ ಎಂಬುದನ್ನು ನಾವೇ ನೋಡಬೇಕು.

ನೋಡುವುದು ಸುಲಭವೂ ಹೌದು. ಅಸರ್‌ನಿಂದ ನಾವು ಎತ್ತಿಕೊಳ್ಳಬೇಕಾದದ್ದು ಅದರ ಸಂಖ್ಯೆಯನ್ನಲ್ಲ, ಅದರ ಒಂದು ಹಾಳೆಯನ್ನು. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಲೆಕ್ಕಕ್ಕೆ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರೆ ಐದು ಹತ್ತು ನಿಮಿಷದಲ್ಲಿ ಆ ಮಗು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಬರೆಯುವ ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಬಹುದು, ಬೋರ್ಡಿನ ಮೇಲೆ ಉತ್ತರ ಬರೆದುಕೊಡಬಹುದು. ಬಾಯಿಬಿಟ್ಟು ಓದುವಾಗ ಯಾರೂ ನೆರವಿಗೆ ಬರಲಾರರು.

ಓದು ಬಾರದ ತಾಯಿ ಇದನ್ನು ಹೇಗೆ ಮಾಡಿಯಾಳು ಎಂದು ಕೇಳುವವರಿದ್ದಾರೆ. ಹೆಚ್ಚಾಗಿ ಓದು ಬಲ್ಲವರೇ ಕೇಳುತ್ತಾರೆ. ಬೀಜದ ಚೀಲದ ಮೇಲಿನ ಬರಹವನ್ನು, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲಿನ ಸೂಚನೆಯನ್ನು ಮಗಳಿಂದ ಓದಿಸಿದಾಗ, ಅವಳು ಸರಾಗವಾಗಿ ಓದಿದಳೋ, ಅಕ್ಷರ ಅಕ್ಷರ ಬಿಡಿಸಿ ಕೊನೆಗೆ ಅರ್ಥ ತಿಳಿಯದೆ ಮುಖ ನೋಡಿದಳೋ ಎಂಬುದನ್ನು ಕಿವಿಯಿದ್ದ ಯಾರು ಬೇಕಾದರೂ ಹೇಳಬಲ್ಲರು. “ಐವತ್ತು ಕೊಟ್ಟು ಮೂವತ್ತೆರಡಕ್ಕೆ ಸಾಮಾನು ತಂದ್ರೆ ಎಷ್ಟು ಉಳೀತವ್ವ?” ಎಂದು ಕೇಳುವ ತಾಯಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ದಿನಕೂಲಿ ಲೆಕ್ಕ ಹಾಕಿ ಹಾಕಿ ಅವಳ ಗಣಿತ ಹರಿತವಾಗಿದೆ. ಮನೆಯ ಮಾತು ತೆಲುಗಾದರೆ ಕಥೆಯನ್ನು ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಹೇಳು ಎನ್ನಬಹುದು. ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು.

ಓದು, ಲೆಕ್ಕ ಇಷ್ಟೇ ಶಿಕ್ಷಣವೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಷ್ಟೇ ಅಲ್ಲ. ಹಾಡು, ಆಟ, ಹೆದರದೆ ಪ್ರಶ್ನೆ ಕೇಳುವುದು, ಬೇರೆ ಕೇರಿಯ ಮಗುವಿನ ಪಕ್ಕ ಕೂತು ಊಟ ಮಾಡುವುದು, ಇವೆಲ್ಲ ಶಾಲೆ ಕಲಿಸಬೇಕಾದವೇ. ಕೊನೆಯದಂತೂ ನಮ್ಮ ಕಡೆ ಅಕ್ಷರಕ್ಕಿಂತ ಕಡಿಮೆ ಬೆಲೆಯದಲ್ಲ, ಅದನ್ನು ನೋಡಬೇಕಾದರೆ ಬಿಸಿಯೂಟದ ಹೊತ್ತಿಗೆ ಹೋಗಿ ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ಗಮನಿಸಿದರೆ ಸಾಕು. ಇಷ್ಟಾದರೂ ಐದನೇ ತರಗತಿ ಮುಗಿಸಿ ಓದಲು ಬಾರದ ಮಗುವಿಗೆ ಉಳಿದ ಬಾಗಿಲುಗಳೆಲ್ಲ ಮುಚ್ಚುತ್ತ ಹೋಗುತ್ತವೆ. ಏಳನೇ ತರಗತಿ ದಾಟಿದ ಹುಡುಗಿಯರಲ್ಲಿ ಎಷ್ಟು ಮಂದಿ ಹೈಸ್ಕೂಲು ಸೇರಿದರು, ಎಷ್ಟು ಮಂದಿ ಮನೆಯಲ್ಲಿ ಉಳಿದರು, ಎಷ್ಟು ಹುಡುಗರು ದುಡಿಯಲು ಹೋದರು ಎಂದು ಹಳೆಯ ಹಾಜರಿ ಪುಸ್ತಕ ಹಿಡಿದು ಮನೆಮನೆ ನೋಡಿದರೆ, ಶಾಲೆಯ ಬಗ್ಗೆ ಯಾವ ವರದಿಯೂ ಹೇಳದ ಸಂಗತಿ ತಿಳಿಯುತ್ತದೆ.

ಇನ್ನು ಮೇಷ್ಟ್ರ ಗೌರವದ ಪ್ರಶ್ನೆ. “ನಾವು ಹೋಗಿ ಅವರನ್ನ ಕೇಳೋದಾ?” ಎಂಬ ಹಿಂಜರಿಕೆ ಇಲ್ಲಿ ಬಹಳ ಹಳೆಯದು. ಇದೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಕಾಲದಲ್ಲಿ ಕೆತ್ತಿದ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶವಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಂದ ಈ ನೆಲದಲ್ಲಿ ಬರೆದಿಟ್ಟ ಮಾತು ಅದು. ಆಚಾರ್ಯನಿಗೆ ಏನು ಬೇಕು, ಅವನನ್ನು ಯಾರು ಕೇಳಬೇಕು ಎಂಬುದನ್ನು ಮಾತ್ರ ಬಂಡೆ ಹೇಳುವುದಿಲ್ಲ. ಗೌರವ ಕೊಡುತ್ತಲೇ ಕೇಳುವುದು ಸಾಧ್ಯ. ಕೇಳದೆ ಸುಮ್ಮನೆ ಮಗುವಿನ ಟಿ.ಸಿ. ತೆಗೆದುಕೊಂಡು ಹೋಗುವುದೇ ನಿಜವಾದ ಅಗೌರವ. ಒಬ್ಬೊಬ್ಬರೇ ಹಾಗೆ ಹೋಗಿ, ಮಕ್ಕಳ ಸಂಖ್ಯೆ ಇಳಿದು, ಸಂಖ್ಯೆ ಇಳಿದದ್ದಕ್ಕೆ ಒಬ್ಬ ಶಿಕ್ಷಕರ ಹುದ್ದೆ ಹೋಗಿ, ಹುದ್ದೆ ಹೋದದ್ದಕ್ಕೆ ಉಳಿದ ಮಕ್ಕಳೂ ಹೋಗುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಅಳತೆ ಕೆಟ್ಟ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಒಂದು ಎಚ್ಚರಿಕೆ ಬೇಕು. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಕ್ಯಾವರ್‌ಶಮ್ ಎಂಬ ಹೊರವಲಯದಲ್ಲಿ ಒಂದು ಪ್ರಾಥಮಿಕ ಶಾಲೆಯಿದೆ. ‘ಅತ್ಯುತ್ತಮ’ ಎಂಬ ದರ್ಜೆ ಪಡೆದಿದ್ದ ಶಾಲೆ. 2022ರ ನವೆಂಬರ್‌ನಲ್ಲಿ ಸರ್ಕಾರಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಬಂದು ನೋಡಿತು. ಪಾಠ ಚೆನ್ನಾಗಿದೆ ಎಂದಿತು, ಮಕ್ಕಳ ಸುರಕ್ಷತೆಯ ದಾಖಲೆ, ಮೇಲ್ವಿಚಾರಣೆಯಲ್ಲಿ ಕೊರತೆ ಕಂಡು ಇಡೀ ಶಾಲೆಗೆ ‘ಅಸಮರ್ಪಕ’ ಎಂಬ ಒಂದೇ ಪದದ ತೀರ್ಪು ಕೊಟ್ಟಿತು. ಮುಖ್ಯಶಿಕ್ಷಕಿ ರೂತ್ ಪೆರಿ 2023ರ ಜನವರಿಯಲ್ಲಿ ಜೀವ ಕಳೆದುಕೊಂಡರು. ಅವರ ಸಾವಿಗೆ ಆ ತಪಾಸಣೆಯೂ ಕಾರಣವಾಯಿತೆಂದು ಆ ವರ್ಷದ ಡಿಸೆಂಬರ್‌ನಲ್ಲಿ ಮರಣವಿಚಾರಣೆಯ ಅಧಿಕಾರಿ ಹೇಳಿದರು. ನಡುವೆ, 2023ರ ಬೇಸಿಗೆಯಲ್ಲಿ ನಡೆದ ಮರುತಪಾಸಣೆಯಲ್ಲಿ ಅದೇ ಶಾಲೆ ‘ಉತ್ತಮ’ ಎನಿಸಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಒಂದೇ ಪದದ ತೀರ್ಪನ್ನು ಇಂಗ್ಲೆಂಡ್ ಕೈಬಿಟ್ಟಿತು. ನಮ್ಮ ಇಲಾಖೆಗೂ ಶಾಲೆಗಳಿಗೆ ಎ, ಬಿ, ಸಿ ಎಂದು ದರ್ಜೆ ಹಚ್ಚುವ ಆಸೆ ಆಗಾಗ ಹುಟ್ಟುತ್ತದೆ. ಹಚ್ಚಬಾರದು. ಎಷ್ಟು ಮಕ್ಕಳು ಯಾವ ಮೆಟ್ಟಿಲಲ್ಲಿದ್ದಾರೆ ಎಂಬ ನಾಲ್ಕು ಸಾಲಿನ ಹಾಳೆ ಸಾಕು, ಅದರ ಪಕ್ಕದಲ್ಲಿ ಈ ಶಾಲೆಗೆ ಈ ವರ್ಷ ಎಷ್ಟು ಶಿಕ್ಷಕರು ಎಷ್ಟು ದಿನ ಸಿಕ್ಕರು ಎಂಬ ಇನ್ನೊಂದು ಸಾಲು ಇರಬೇಕು. ಮೊದಲನೆಯದನ್ನು ಮೇಷ್ಟ್ರಿಗೆ ಕೇಳುವ ಊರು ಎರಡನೆಯದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೇಳಬೇಕು. ಎರಡನೆಯದನ್ನು ಕೇಳಲು ಧೈರ್ಯವಿಲ್ಲದವರಿಗೆ ಮೊದಲನೆಯದನ್ನು ಕೇಳುವ ಹಕ್ಕೂ ಇಲ್ಲ ಎಂದು ನಾನು ತಿಳಿದಿದ್ದೇನೆ.

ಹೀಗೆ ಕೇಳುವುದಕ್ಕೆ ಹೊಸ ಸಮಿತಿಯೇನೂ ಬೇಡ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಕರ್ನಾಟಕ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಕಟ್ಟಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬರುವ ಒಂಬತ್ತು ವರ್ಷ ಮೊದಲೇ. ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಆಮೇಲೆ ಕಾಯ್ದೆಯೂ ಹೇಳಿತು. ಬಹುತೇಕ ಕಡೆ ಈ ಸಮಿತಿಯ ಕೆಲಸ ಚೆಕ್ಕಿಗೆ ಸಹಿ, ಸ್ವಾತಂತ್ರ್ಯ ದಿನಾಚರಣೆಗೆ ಬಾವುಟ, ಅಧ್ಯಕ್ಷರ ಆಯ್ಕೆಗೆ ಪಾರ್ಟಿ ಜಗಳ ಇಷ್ಟಕ್ಕೇ ನಿಂತಿದೆ. ಖಾಸಗಿ ಶಾಲೆಯಲ್ಲಿ ಇಷ್ಟೂ ಇಲ್ಲ. ಅಲ್ಲಿ ಫೀಸು ಕಟ್ಟುವವನಿಗೆ ಗೇಟಿನವರೆಗೆ ಮಾತ್ರ ಪ್ರವೇಶ. ಆದರೆ ಮಗುವಿನಿಂದ ಮನೆಯಲ್ಲಿ ಓದಿಸುವುದಕ್ಕೆ ಯಾವ ಗೇಟೂ ಅಡ್ಡಬರುವುದಿಲ್ಲ.

ಆದ್ದರಿಂದ ದೇವಸಮುದ್ರ ಹೋಬಳಿಯ ತಂದೆತಾಯಿಗಳಲ್ಲಿ, ವಿಶೇಷವಾಗಿ ಎಸ್‌ಡಿಎಂಸಿಯಲ್ಲಿ ಹೆಸರಿಗೆ ಸದಸ್ಯರಾಗಿರುವ ತಾಯಂದಿರಲ್ಲಿ ಒಂದು ಕೇಳಿಕೆ. ಈ ವರ್ಷ ಜುಲೈ ಒಳಗೆ, ಶೇಂಗಾ ಬಿತ್ತಿ ಕೈ ಬಿಡುವಾದ ಒಂದು ಶನಿವಾರ, ಊರಿನ ಮೂರನೇ ಮತ್ತು ಐದನೇ ತರಗತಿಯ ಎಲ್ಲ ಮಕ್ಕಳನ್ನೂ ಒಂದು ಕಡೆ ಸೇರಿಸಿ, ವ್ಯಾನಿನಲ್ಲಿ ಹೋಗುವವರನ್ನೂ ನಡೆದು ಹೋಗುವವರನ್ನೂ, ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಾರ್ಚ್‌ನಲ್ಲಿ ಅದೇ ಮಕ್ಕಳಿಂದ ಮತ್ತೆ ಓದಿಸಿ. ಮುಂದಿನ ಮೇ ತಿಂಗಳಲ್ಲಿ ಯಾವ ಶಾಲೆ ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ಆ ನೋಟ್‌ಬುಕ್ ತೋರಿಸಿ.